ಪಡುಗೋಡೆಯ ಕೋಣೆ

ಮೆಹಿಕಾಲಿಯಲ್ಲಿ ಆಗಸ್ಟ್ ಎಂದರೆ
ಬಾಗಿಲ ಹಿಡಿಗೆ ಬಟ್ಟೆ ಸುತ್ತಿ ತೆರೆಯುವ ತಿಂಗಳು.
ತಣ್ಣೀರಿನ ನಲ್ಲಿಯಲ್ಲೂ
ಯಾರೋ ಸ್ನಾನಕ್ಕೆ ಕಾಯಿಸಿಟ್ಟಂಥ ನೀರು.

ನಮ್ಮದು ನಾಲ್ಕು ಕೋಣೆ, ಒಂದೇ ಕೂಲರ್.
ಮಾಳಿಗೆಯ ಮೇಲೆ ತಗಡಿನ ಪೆಟ್ಟಿಗೆ,
ಒಳಗೆ ನೆನೆದ ಮರದ ಹೆರೆ, ತಿರುಗುವ ರೆಕ್ಕೆ,
ಪಾಚಿಗಟ್ಟಿದ ಕೊಳದ ವಾಸನೆ.
ಗಾಳಿ ಇಳಿಯುವುದು ನಡುಮನೆಗೆ.
ಆಮೇಲೆ ಅದರ ಇಷ್ಟ.

ಜೂನ್‌ನಲ್ಲಿ ಎರ್ಲಿಂದಾ ಅತ್ತೆ
ಸಿನಲೋವಾದ ಬಸ್ಸಿಳಿದು ಬಂದಳು.
ಹೊಲಿಗೆ ಮಶೀನು, ಎರಡು ಚೀಲ, ಮುರಿದ ಮದುವೆ.
ಖಾಲಿ ಇದ್ದದ್ದು ಪಡುವಣ ಕೋಣೆ, ಅದನ್ನೇ ಕೊಟ್ಟೆವು.
ಕಡೆಗೆ ಬಂದವರಿಗೆ ಕಡೆಯ ಕೋಣೆ:
ಯಾರೂ ಬಾಯಿಬಿಟ್ಟು ಹೇಳಲಿಲ್ಲ,
ಹೇಳಬೇಕಾಗಿಯೂ ಇರಲಿಲ್ಲ.

ಆ ಕೋಣೆ ಹಾಗೆ ಉರಿಯುವುದಕ್ಕೆ
ಒಬ್ಬೊಬ್ಬರದು ಒಂದೊಂದು ಕಾರಣ.
ಮಶೀನಿನ ದೀಪ, ಅಂದ ಅಪ್ಪ.
ಇಸ್ತ್ರಿ ಪೆಟ್ಟಿಗೆ, ಅಂದಳು ಅಮ್ಮ.
ಅತ್ತೆಯ ಸಿಟ್ಟು, ಎಂದು ತಮ್ಮ ರುತಿಲಿಯೊ ಏಟು ತಿಂದ.
ಅತ್ತೆ ಏನೂ ಅನ್ನಲಿಲ್ಲ.
ಹೊದಿಕೆ ಒದ್ದೆ ಮಾಡಿ, ಹಿಂಡಿ, ಹೊದ್ದು ಮಲಗುತ್ತಿದ್ದಳು.
ಬೆಳಗ್ಗೆ ಅದು ಹಪ್ಪಳ.

ಕೂಲರ್ ರಿಪೇರಿಗೆ ಬಂದ ಫಿದೆನ್ಸಿಯೊ
ಏಣಿ ಹತ್ತುವ ಮೊದಲು ಕೋಣೆ ಕೋಣೆಗೂ ಹೋಗಿ
ಗೋಡೆಗೆ ಅಂಗೈ ಒತ್ತಿ ನಿಂತ,
ಮಗುವಿನ ಜ್ವರ ನೋಡುವವರ ಹಾಗೆ.
ಅತ್ತೆಯ ಕೋಣೆಯಲ್ಲಿ ಕೈ ಹಿಂದೆಗೆದು ನಕ್ಕ:
“ಪ್ರಾಮಾಣಿಕ ಗೋಡೆ, ಪಾಪ.
ಮಧ್ಯಾಹ್ನ ಒಂದರಿಂದ ಏಳರವರೆಗೆ
ಸೂರ್ಯನ ಹತ್ತಿರ ಕಡ ತಂದದ್ದನ್ನೆಲ್ಲ
ರಾತ್ರಿಯಿಡೀ ಎಣಿಸೆಣಿಸಿ ತೀರಿಸುತ್ತದೆ.
ತೀರಿಸುವುದು ಮಾತ್ರ ಇಲ್ಲಿ ಮಲಗಿದವರಿಗೆ.
ಹೊರಗೊಂದು ಮರ ಇತ್ತಲ್ಲ?”

ಇತ್ತು. ಹಿಪ್ಪುನೇರಳೆ.
ಕಾರು ನಿಲ್ಲಿಸಲೆಂದು ಕಡಿಸಿದ್ದೆವು.

“ಕಿಟಕಿ?” ಅಂದ. ನೂಕಿದ. ಬರಲಿಲ್ಲ.
“ಗಾಳಿ ನೆಂಟನಲ್ಲ, ಬಂದು ಕೂತು ಕಾಫಿ ಕುಡಿಯಲು.
ದಾರಿಹೋಕ.
ಹೊರಬೀಳುವ ದಾರಿ ಕಾಣದ ಕಡೆ
ಕಾಲಿಡುವುದೇ ಇಲ್ಲ.”

ಚೌಕಟ್ಟಿನ ಸುತ್ತ ನೀಲಿ ಬಣ್ಣ
ಗಾಯ ಕೂಡಿದ ಚರ್ಮದ ಹಾಗೆ ಬೆಸೆದುಕೊಂಡಿತ್ತು.
ಆ ನೀಲಿ ನಾನು ಆರಿಸಿದ್ದು.
ಏಪ್ರಿಲ್‌ನಲ್ಲಿ, ನನಗೆ ಹದಿನೈದು ತುಂಬಿದ ಹಬ್ಬಕ್ಕೆ,
ಫೋಟೋದಲ್ಲಿ ಮನೆ ಚೆಂದ ಬರಲೆಂದು
ಹಟ ಹಿಡಿದು ಎರಡು ಸಲ ಬಳಿಸಿದ್ದು.

ನನ್ನ ಕೋಣೆ ನಡುಮನೆಗೆ ತಾಗಿದ್ದು.
ಕಿಟಕಿ ಹಗಲೂ ರಾತ್ರಿ ಹಾರುಹೊಡೆದೇ ಇರುತ್ತಿತ್ತು.
ಪಂಕ್ತಿಯಲ್ಲಿ ಮೊದಲು ಕೂತವಳು ನಾನು;
ಬಡಿಸುವ ಕೈ ಅತ್ತೆಯ ತಟ್ಟೆ ತಲುಪುವಷ್ಟರಲ್ಲಿ
ಪಾತ್ರೆಯ ತಳ ಕಾಣುತ್ತಿತ್ತು.
ನಡುರಾತ್ರಿ ಚಳಿಯಾಗಿ ಕಂಬಳಿ ಎಳೆದುಕೊಂಡದ್ದೂ ಉಂಟು.
ಗೋಡೆಯಾಚೆ ಬಟ್ಟೆ ಹಿಂಡುವ ಸದ್ದು;
ಒಗೆಯುತ್ತಿದ್ದಾಳೆ ಅಂದುಕೊಂಡಿದ್ದೆ.
ಹಾಗೆ ಅಂದುಕೊಳ್ಳುವಷ್ಟು
ತಂಪಾಗಿತ್ತು ನನಗೆ.

ಫಿದೆನ್ಸಿಯೊ ಕಿರುಗತ್ತಿಯಿಂದ ಗೀರುತ್ತ ಹೋದ.
ಅತ್ತೆಯ ಕೂದಲ ಮೇಲೆಲ್ಲ ನೀಲಿ ಚೂರು.
ಭುಜ ಕೊಟ್ಟಾಗ ಕಿಟಕಿ ಕೆಮ್ಮಿ ತೆರೆಯಿತು.
“ನಿನ್ನದನ್ನು ನಾಲ್ಕೇ ಬೆರಳು ತೆರೆದಿಡು” ಅಂದ,
ನನ್ನ ಮುಖ ನೋಡದೆ.
ಮುಚ್ಚಿ ಬಂದೆ, ನಾಲ್ಕು ಬೆರಳು ಬಿಟ್ಟು.

ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಮೇಜಿನ ಮೇಲೆ ಕತ್ತರಿಸಿಟ್ಟ ಕಾಗದದ ಅಳತೆಗಳು,
ಯಾರೋ ಹುಡುಗಿಯ ತೋಳು, ಕೊರಳು, ಅರ್ಧ ಸೊಂಟ,
ಅಲುಗಿ, ಎದ್ದು,
ಕೋಣೆಯೆಲ್ಲ ಸುತ್ತತೊಡಗಿದವು.
ಅತ್ತೆ ಹಿಡಿಯಲು ಹೋಗಲಿಲ್ಲ.
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ
ಜಡೆ ಎತ್ತಿ ಹಿಡಿದು
ಬಾಗಿಲಿಗೆ ಬೆನ್ನು ಮಾಡಿ ನಿಂತಳು.

ಈಗಲೂ ಉಳಿದ ಕೋಣೆಗಳಿಗಿಂತ ಅಲ್ಲಿ
ಮೂರು ಡಿಗ್ರಿ ಹೆಚ್ಚು.
ಪಡುವಣ ಪಡುವಣವೇ, ಅದಕ್ಕೆ ರಿಪೇರಿಯಿಲ್ಲ,
ಎಂದಿದ್ದ ಫಿದೆನ್ಸಿಯೊ, ನೋಟು ಎಣಿಸುತ್ತ.
ಕಾರು ಬೀದಿಯಲ್ಲಿ ನಿಲ್ಲುತ್ತದೆ.
ಒಂದು ಸಸಿ ನೆಟ್ಟಿದ್ದೇವೆ. ಸದ್ಯಕ್ಕೆ ಅದರ ನೆರಳಲ್ಲಿ
ಒಂದು ಚಪ್ಪಲಿ ಬಿಡಬಹುದು.