ಇತರೆ ವಿಷಯಗಳು

ಹ್ಯಾಗ್‌ಥಾರ್ಪ್ ಪ್ಯಾರಿಷ್ ಕೌನ್ಸಿಲಿಗೆ ನಾನು ಗುಮಾಸ್ತೆ,
ವಾರಕ್ಕೆ ಆರು ತಾಸು. ಕೌನ್ಸಿಲ್ ಅಂದರೆ ಏಳು ಕುರ್ಚಿ,
ಎರಡು ಖಾಲಿ; ಕೋರಂಗೆ ಮೂರು ಸಾಕು.
ನಮ್ಮ ಆಸ್ತಿ: ಬೆಂಚು ನಾಲ್ಕು, ನಾಯಿಹೇಲಿನ ಡಬ್ಬ ಎರಡು,
ಸ್ಮಶಾನದ ಹುಲ್ಲು, ಒಂದು ಬಸ್ ತಂಗುದಾಣ.
ಬಸ್ಸು ಮಾತ್ರ ನಮ್ಮದಲ್ಲ. ಅದು ಕೌಂಟಿಯದು.
ಕೌಂಟಿ ಅದನ್ನು ಹೋದ ಏಪ್ರಿಲ್‌ನಲ್ಲಿ ನಿಲ್ಲಿಸಿತು.
ಹಲ್ಲಿದ್ದವರಿಗೆ ಕಡಲೆಯಿಲ್ಲ ಅಂತ
ಹೇಗೋ ಇಂಗ್ಲಿಷಿನಲ್ಲಿ ಹೇಳಿದೆ ಸಭೆಗೆ.
ಅಧ್ಯಕ್ಷ ಕಟ್‌ಫೋರ್ತ್ ಕಟ್ಟಿಸಿದ ಹಲ್ಲು ತೋರಿಸಿ ನಕ್ಕರು.
ತಂಗುದಾಣಕ್ಕೆ ಈ ವರ್ಷವೂ ಬಣ್ಣ ಬಳಿಯುವುದೆಂದು
ಠರಾವಾಯಿತು: ನೂರ ನಲವತ್ತು ಪೌಂಡು.

ಅಪ್ಪ ಹಿರಿಯೂರಿನ ಕಡೆ ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್.
ನಲ್ಲಿ ಕಂದಾಯ ಕೇಳಲು ಹೋದರೆ
ಮೊದ್ಲು ನೀರು ಬಿಡಪ್ಪ ಅನ್ನುತ್ತಿದ್ದರು ಜನ.
ನೀರು ಬಿಡುವವನು ಬೇರೆ, ರಸೀದಿ ಹರಿಯುವವನು ಬೇರೆ.
ಅಷ್ಟು ವಿವರಿಸುವುದರಲ್ಲೇ
ಎರಡು ಸೈಕಲ್ಲು ಸವೆದವು.

ಇರಲಿ. ಈಗ ಹದಿನೈದು ವರ್ಷದ ಯೋಜನೆ ಬಂದಿದೆ.
ನಮ್ಮೂರಿಗೆ ಅರವತ್ತು ಮನೆ. ಎಲ್ಲಿ, ಅಷ್ಟನ್ನು ನಾವು ಹೇಳಬಹುದು;
ಬೇಡ ಅನ್ನಲು ಫಾರಮ್ಮಿನಲ್ಲಿ ಕಾಲಂ ಇಲ್ಲ.
ಶನಿವಾರ ಊರಿನ ಹಾಲ್‌ನಲ್ಲಿ ಮೇಜು ಜೋಡಿಸಿ ನಕ್ಷೆ ಹಾಸಿದೆ:
ಎಲೆಕೋಸಿನ ಹೊಲ, ಸ್ಕೇಲಿಟ್ಟು ಎಳೆದಂಥ ಕಾಲುವೆ,
ದಿಬ್ಬವೊಂದೂ ಇಲ್ಲದ ಸೀಮೆ,
ಮಡಚಿದ ಗೀಟನ್ನು ಬಿಟ್ಟರೆ
ನಕ್ಷೆಗೂ ನೆಲಕ್ಕೂ ಅಂಥ ವ್ಯತ್ಯಾಸವಿಲ್ಲ.
ತಲೆಗೆ ಮೂರು ಹಸಿರು ಚುಕ್ಕಿ. ಬೇಕಾದ ಕಡೆ ಅಂಟಿಸಿ.

ಪ್ಯಾಕಿಂಗ್ ಷೆಡ್ಡಿನ ರಾತ್ರಿಪಾಳಿಯ ರಾಸಾ
ಷೆಡ್ಡಿನಿಂದ ತನ್ನ ಬಾಗಿಲವರೆಗೆ ಬೆರಳಿನಲ್ಲೇ ನಡೆದು
ಮೂರೂ ಚುಕ್ಕಿಯನ್ನು ದೀಪದ ಕಂಬದಂತೆ ನೆಟ್ಟಳು.
ಹಿಲರಿ ವಾಡಿಂಗ್‌ಹ್ಯಾಮ್ ತಮ್ಮ ಕಿಟಕಿಗೆ ಕಾಣದ ಹೊಲ ಹುಡುಕಿ
ಅರವತ್ತು ಮನೆಯನ್ನೂ ಅಲ್ಲಿಗೆ ತಳ್ಳಿದರು.
ಯಾರದೋ ಹುಡುಗ ಒಂದನ್ನು ಹಣೆಗಿಟ್ಟುಕೊಂಡು ಓಡಿದ.

ನಾಲ್ಕು ಗಂಟೆಗೆ, ಬಾಗಿಲು ಹಾಕುವ ಹೊತ್ತಿಗೆ, ಏಬ್ಲೆಟ್ ಬಂದರು.
ಹೆಂಡತಿ ಎರಡು ವರ್ಷದಿಂದ ಲಿಂಕನ್ನಿನ ಶುಶ್ರೂಷಾಲಯದಲ್ಲಿ.
ತಂಗುದಾಣದ ಮೇಲೆ ಹೆಬ್ಬೆರಳೂರಿ
ವಾಯವ್ಯಕ್ಕೆ ಗೇಣು ಹಾಕತೊಡಗಿದರು. ಒಂದು, ಎರಡು,
ಪ್ಯಾರಿಷ್ಷಿನ ಕೆಂಪು ಗಡಿ ದಾಟಿತು,
ಕಾಗದದ ಅಂಚು ದಾಟಿತು,
ಬರಿ ಮೇಜಿನ ಮೇಲೆ ಇನ್ನೂ ನಾಲ್ಕು ಗೇಣು,
ಮೇಜು ಬದಲಾಯಿತು, ಕೈ ನಡುಗಿ ಲೆಕ್ಕ ತಪ್ಪಿ
ಕೊನೆಯ ಗೇಣನ್ನು ಮತ್ತೆ ಅಳೆದರು.
ಸುಮಾರು ಇಲ್ಲಿ, ಅಂದು ಮೂರೂ ಚುಕ್ಕಿ ಒತ್ತಿದರು.
ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಅಂದೆ.
ಅಂದದ್ದು ನಾನೇ; ದನಿ ಅಪ್ಪನದು.
ಗೊತ್ತು ಮಗಳೇ, ಮೂವತ್ತೊಂದು ಮೈಲಿ,
ಅಂದು ಟೋಪಿ ಹಾಕಿಕೊಂಡರು.

ಕೊಟ್ಟ ಚುಕ್ಕಿ ಇನ್ನೂರ ಹದಿಮೂರು.
ನಕ್ಷೆಯ ಮೇಲೆ ಇನ್ನೂರ ಒಂಬತ್ತು. ಹುಡುಗನ ಹಣೆಯಲ್ಲಿ ಒಂದು.
ಉಳಿದವನ್ನು ಅಸಿಂಧು ಅಂತ ಬರೆಯಿರಿ,
ಫೋನಿನಲ್ಲಿ ಹೇಳಿದರು ಸಲಹೆಗಾರರು.

ಅಪ್ಪನ ಪಂಚಾಯಿತಿಯ ನಡಾವಳಿ ಪುಸ್ತಕದಲ್ಲಿ
ಪ್ರತಿ ಸಭೆಯ ಕೊನೆಗೂ ಒಂದೇ ಸಾಲು:
ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು.
ಅದರಡಿ ಏನೂ ಇರುತ್ತಿರಲಿಲ್ಲ,
ನೇರ ಸಹಿ, ಹೆಬ್ಬೆಟ್ಟು, ಮೊಹರು.
ನಾನು ಬರೆದೆ: ಬಸ್ಸು, ಚುಕ್ಕಿ ಮೂರು,
ಸ್ಥಳ, ಮೂರನೇ ಮೇಜು.

ಮೇಜು ಮಡಿಸುವ ಮುಂಚೆ ಉಗುರಿನಿಂದ ಕೆರೆದು ನೋಡಿದೆ.
ಒಂದರ ಅಂಚು ಎದ್ದಿತು. ಮತ್ತೆ ಒತ್ತಿದೆ.
ಶುಕ್ರವಾರ ಅದರ ಮೇಲೆ ಬಿಂಗೋ.