ಬಯ್ಯದ ಒಲಿದ ಊರು

ನೀಲಗಂಗಾ ಅತ್ತ ಹೋದ್ಲು, ಈಕಿ ಇತ್ತ ಬಂದ್ಲು.
ಆರು ತಿಂಗಳ ಅದಲಿ-ಬದಲಿ, ಕಾಗದದಾಗ ಹಂಗ ಬರದಿದ್ರು.
ಸಪ್ತಾಪುರದ ನಮ್ಮ ಮಾಳಿಗಿ ಖೋಲಿಯೊಳಗ
ಕಿಡಕಿ ಕಡೆ ಮಂಚ ತಂಗೀದು, ಗ್ವಾಡಿ ಕಡೇದು ನಂದು.
ಹಾಸಿಗಿ ಬಿಸಿಲಿಗೆ ಹಾಕಿದ್ವಿ, ಹೊಸಾ ಚಾದರ ಹಾಸಿದ್ವಿ,
ಟ್ರಂಕಿನ ಮ್ಯಾಲಿನ ಹೆಸರು ಮಾತ್ರ ಅಳಿಸಲಿಲ್ಲ.

ಯಾವೂರವ್ವ? ಕೇಳಿದ್ಲು ಆಯಿ.
ಬಯ್ಯಾದೊಲಿದ್, ಅಂದ್ಲು ಹುಡುಗಿ.
ಬಯ್ಯದ ಒಲಿದ್ರು? ಛಲೋ ಊರ ಬಿಡು,
ನಮ್ಮೂರಾಗ ಬೈದ ಮ್ಯಾಲ ಒಲೀತಾರ.

ಹೆಸರು ಬೆಗೋನ್ಯಾ. ಆಯಿಗೆ ಬೇಗವ್ವ.
ಆಕಿ ಎಂದೂ ಬೇಗ ಬಂದಾಕಿ ಅಲ್ಲ:
ರಾತ್ರಿ ಹತ್ತಕ್ಕ ಹಸಿವು, ಮುಂಜಾನಿ ಹತ್ತಕ್ಕ ನಿದ್ದಿ,
ಚಿಗರಿ ಬಸ್ಸು ಮೂರು ಬಿಟ್ಟು ನಾಕನೇದು ಹತ್ತೂದು.
ಯಾವ ಮಾತಿಗೂ "ಬಾಲೆ, ಬಾಲೆ".
ಆಗಲಿ ಅನ್ನೂದಂತ ಅದು ಅವರಲ್ಲಿ.
ಇದೇನು, ತನ್ನನ್ನ ತಾನ ಕರಕೋತೈತಿ, ಅಂತ ನಗೂವಾಕಿ ಆಯಿ.

ಮಧ್ಯಾನ ಮಾತ್ರ ಆಕಿ ಈ ಊರಾಕಿ.
ಎರಡು ಹೊಡೀತಂದ್ರ ಸುಭಾಸ ರೋಡಿನ ಶಟರ್ ಅರ್ಧಾ ಇಳದು,
ಅರಿವಿ ಅಂಗಡಿ ಮಾಲಕ ಥಾನಿಗೆ ತೆಲಿ ಕೊಟ್ಟು ಮಲಗಿ,
ನಾಯಿ ಸೈತ ಬೊಗಳೂದನ್ನ ನಾಕಕ್ಕ ಮುಂದೂಡಿದ ಹೊತ್ತಿನ್ಯಾಗ
ಒಂದ ಸವನ ನಡದು ಬರ್ತಿದ್ಲು, ಮಾರಿ ಅರಳಿಸಿ,
ನಮ್ಮೂರೂ ಹಿಂಗ, ಹಿಂಗ ಅಂತ ಕೈಯಿಂದ ಹೇಳಿಕೋತ.
ಅದ ವಾರ ತಂಗಿ ಫೋನ್ ಮಾಡಿದ್ಲು ಅಲ್ಲಿಂದ:
ಅಕ್ಕಾ, ಇಲ್ಲೂ ಮಧ್ಯಾನ ಅಂಗಡಿ ಹಾಕ್ತಾರ,
ಕಣ್ಣು ಮುಚ್ಚಿದ್ರ ಧಾರವಾಡ, ತಗದ್ರ ಮಂಜು.
ಮತ್ತ, ತಮ್ಮ ಮಾತ ಎಲ್ಲಾರಕಿಂತ ಶುದ್ಧ ಅಂತಾರ,
ಥೇಟ್ ನಮ್ಮ ಮಂದಿ.

ಮೊಟ್ಟಿ ಒಳಗ ಬರದ ಮನಿ ನಮ್ಮದು.
ಹುಟ್ಟಿದ ದಿನಾ ತಮ್ಮೂರ ಆಲೂಗಡ್ಡಿ ದ್ವಾಸಿ ಮಾಡ್ತೀನಂದ್ಲು ಬೇಗವ್ವ;
ಅವ್ವ ಮಾತಿಲ್ಲದ ಕಡ್ಲಿಹಿಟ್ಟಿನ ಡಬ್ಬಿ ಮುಂದ ಸರಿಸಿದ್ಲು.
ತಿರುವಿ ಹಾಕೂ ಮುಂದ ಅದು ಹರದು ಮೂರು ದೇಶ ಆತು.
ಶೇಂಗಾ ಹಿಂಡಿ ಹಚ್ಚಿಕೊಂಡು ಎಲ್ಲಾರೂ ತಿಂದ್ವಿ.
ರುಚಿ ಹೆಂಗೈತಿ ಅಂತ ಯಾರೂ ಯಾರನ್ನೂ ಕೇಳಲಿಲ್ಲ.

ನೀರಿಂದು ಹೇಳಬೇಕು.
ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ, ಅದೂ ನಡುರಾತ್ರಿ.
ನಳ ಮೊದಲ ಕೆಮ್ಮತೈತಿ, ಆಮ್ಯಾಲ ಗಾಳಿ, ಆಮ್ಯಾಲ ನೀರು.
ಹಂಡೆ, ಕೊಡ, ಬಕೀಟು, ಚರಿಗಿ, ಕಡೀಗೆ ಚಾದ ಪಾತ್ರಿ.
ಕತ್ತಲದಾಗ ತುಂಬಿದ್ದು ತಿಳಿಯೂದು ಕಿವಿಗೆ:
ಸಪ್ಪಳ ಮೊದಲ ದಪ್ಪ, ಬರಬರತ ತೆಳ್ಳಗ,
ಸೂಜಿಯಷ್ಟಾದಾಗ ಪೈಪು ಸರಿಸೂದು.
ಯಾವ ಭಾಷಾದಾಗೂ ಅಲ್ಲ, ಅದನ್ನ ನಾ ಆಕಿಗೆ ಕಲಿಸಿದ್ದು.
ಮೂರನೇ ಸರ್ತಿಯಿಂದ ಕೆಮ್ಮಿಗೆ ನನಕಿಂತ ಮೊದಲ ಏಳ್ತಿದ್ಲು,
ಊಟಕ್ಕ, ಬಸ್ಸಿಗೆ, ಕ್ಲಾಸಿಗೆ ತಡಾ ಮಾಡೂವಾಕಿ.

ತಂಗಿ ಅಲ್ಲಿ ಮೊದಲ ವಾರ
ಅಡಗಿಮನ್ಯಾಗಿನ ಬಾಟಲಿ, ಡಬ್ಬಿ ಎಲ್ಲಾ ತುಂಬಿ ಇಟ್ಟಿದ್ಲಂತ.
ಖೋಲಿ ಹುಡುಗ್ಯಾರು, ಯುದ್ಧ ಬರಾಕತ್ತೈತೇನು, ಕೇಳಿದ್ರಂತ.
ನಕ್ಕೋತ ಹೇಳಿದ್ಲು. ಆಮ್ಯಾಲ ಸುಮ್ಮನಾದ್ಲು.
ನಳ ತಿರುವಿದಾಗೆಲ್ಲಾ ಬರತೈತಿ ಅಕ್ಕಾ,
ಕೇಳಿಕೋತ ನಿಂತಬಿಡ್ತೀನಿ.

ಆರು ತಿಂಗಳು ಮುಗೀತು. ಆಕಿ ಅತ್ತ ಹೋದ್ಲು, ಈಕಿ ಇತ್ತ ಬಂದ್ಲು.
ಎರಡೂ ಸರ್ತಿ ಬಾಗಲಾ ತಗದಾಕಿ ನಾನ.
ಹಾಸಿಗಿ ನಡುವ ಯಾರದೋ ತಗ್ಗು ಬಿದ್ದೈತಿ ಅಂತಾಳ ನೀಲಗಂಗಾ,
ಮಗ್ಗಲಾ ಬದಲಿಸಿ, ಮತ್ತ ಬದಲಿಸಿ.

ನಿನ್ನೆ ನಳ ಕೆಮ್ಮಿತು.
ಕಿಡಕಿ ಕಡೆ ಮಂಚದಾಗ ಏಳೂ ಸಪ್ಪಳಕ್ಕ ಒಂದು ಗಳಿಗಿ ಕಾದ್ನಿ.
ನೀರು ಬಂತ ನೋಡ, ಅಂದ್ನಿ.
"ಬಾಲೆ" ಅಂದ್ಲು ತಂಗಿ, ನಿದ್ದಿಗಣ್ಣಾಗ, ಆ ಕಡೆ ಹೊಳ್ಳಿದ್ಲು.
ಒಬ್ಬಾಕಿನ ಪೈಪು ಹಿಡದು ನಿಂತ್ನಿ.
ದಪ್ಪ ಸಪ್ಪಳ. ಇನ್ನೂ ಭಾಳ ಹೊತ್ತೈತಿ
ಹಂಡೆ ತುಂಬೂದು.