ತೊಂಬತ್ತು ಅಡಿ

ಕೆಂಪು ಉಲ್ಲನ್ ದಾರ ತಂದಿದ್ದಳು ವೆರ್ನಾ ಹಿಯೆಟಲ,
ಉದ್ದಕ್ಕೂ ಗಂಟು.
"ಗಂಟಿಗೊಂದು ಗಜ. ಚಾವಣಿಯ ಆಂಟೆನಾದಿಂದ
ಮೀನಿನ ಹೊಗೆಮನೆಯ ಬಾಗಿಲತನಕ."
ಎಣಿಸಿದೆ. ಮೂವತ್ತು.

ಹೊಗೆಮನೆಗೆ ಟೀವಿ ಯಾಕೆಂದು ಕೇಳಲಿಲ್ಲ.
ಸುಪೀರಿಯರ್ ಸರೋವರದ ಈ ದಂಡೆಯಲ್ಲಿ
ನವೆಂಬರ್ ಬಂದಮೇಲೆ ಯಾರೂ ಏನೂ ಕೇಳುವುದಿಲ್ಲ.

ಎರಡು ಸುರುಳಿ ಎಳೆದಿಟ್ಟೆ ಗಲ್ಲೆಯ ಮೇಲೆ.
ತೆಳ್ಳನೆಯದರ ನಂಬರು ಐವತ್ತೊಂಬತ್ತು,
ದಪ್ಪನೆಯದು ಆರು.
ಯಾರು ಹಾಕಿದ ಲೆಕ್ಕವೋ ಇದು!
ತೆಳ್ಳನೆಯದು ದಾರಿಯಲ್ಲೇ ಅರ್ಧ ತಿಂದುಬಿಡುತ್ತದೆ, ವೆರ್ನಾ.
ಹಿಂದಾದರೆ ಪರದೆಯ ಮೇಲೆ ಹಿಮ ಬೀಳುತ್ತಿತ್ತು,
ಹಿಮದೊಳಗೂ ಆಟಗಾರರ ನೆರಳಾದರೂ ಕಾಣುತ್ತಿತ್ತು.
ಈಗಿನದಕ್ಕೆ ಅರೆಮನಸ್ಸಿಲ್ಲ:
ಬಂದರೆ ಬಂತು, ಇಲ್ಲವಾದರೆ ಚೌಕ ಚೌಕ, ಆಮೇಲೆ ಕತ್ತಲು.

ಚಾಕುವಿನಿಂದ ಸುಲಿದು ತೋರಿಸಿದೆ.
ಹೆಪ್ಪುಗಟ್ಟಿದ ನೀರಿನ ಮೇಲೆ ಗಾಳಕ್ಕೆ ಕೂರುವವನ ಹಾಗೆ
ಅಂಗಿಯ ಮೇಲೆ ಅಂಗಿ:
ಕಪ್ಪು ಸಿಪ್ಪೆ, ಹೆಣೆದ ತಂತಿ, ಬೆಳ್ಳಿಕಾಗದ, ಬಿಳಿ ನೊರೆ,
ನಡುವೆ ಒಂದೇ ಒಂದು ಎಳೆ.
ಅಯಸ್ಕಾಂತ ಹಿಡಿದೆ. ಟಕ್ಕನೆ ಅಂಟಿತು.

"ತಾಮ್ರ ಅಂದೆಯಲ್ಲ?"

ಹೊರಗೆ ತಾಮ್ರ, ಒಳಗೆ ಉಕ್ಕು. ಮೋಸವಲ್ಲ ಮಾರಾಯ್ತಿ,
ಸಿಗ್ನಲ್ಲು ಮೈಮೇಲೇ ಓಡುತ್ತದೆ,
ಒಳಕ್ಕಿಳಿಯುವುದಿಲ್ಲ.

"ಒಳಕ್ಕಿಳಿಯುವುದಿಲ್ಲ," ಎಂದಳು.
ದಾರದ ಗಂಟೊಂದನ್ನು ಉಗುರಿನಿಂದ ಕೆದಕಿದಳು.
"ಆರ್ವೊ ಮಾತು ಬಿಟ್ಟು ಏಳು ತಿಂಗಳಾಯಿತು.
ದೋಣಿ ಮಾರಿದ್ದಕ್ಕೆ. ಅಲ್ಲೇ ಮಲಗುತ್ತಾನೆ,
ಮೀನಿನ ಜೊತೆ."

ಒಂದೇ ಆಂಟೆನಾ, ಎರಡು ಟೀವಿ?
"ಒಂದೇ ಹಾಕಿ ಪಂದ್ಯ."

ಹಾಗಾದರೆ ಕವಲು ಹಾಕಬೇಕು. ಇಬ್ಬರಿಗೂ ಅರ್ಧರ್ಧ.
ಮನೆಯೊಳಗಿನದು ಯಾವ ಕೇಬಲ್ಲು?
"ಅಪ್ಪ ಎಳೆದದ್ದು, ತೆಳ್ಳನೆಯದು."
ಅದನ್ನೂ ಬದಲಿಸು, ಇಲ್ಲದಿದ್ದರೆ ನಿನ್ನ ಪರದೆ ಒಡೆಯುತ್ತದೆ.

ಬೆಲೆ ನೋಡಿದಳು. ಸಂತೆಯಲ್ಲಿ ಹತ್ತು ಡಾಲರಿಗೆ ಕೊಂಡ ಟೀವಿಗೆ
ಮೂಗಿಗಿಂತ ಮೂಗುತಿ ಭಾರ.
"ದಪ್ಪನೆಯದು ಅವನಿಗೆ. ನನ್ನದು ಹಾಗೇ ಇರಲಿ.
ಗೋಲಾದರೆ ಅವನು ಕೂಗುತ್ತಾನೆ,
ಕಿಟಕಿ ತೆರೆದಿಟ್ಟರಾಯಿತು."

ತೊಂಬತ್ತೈದು ಅಡಿ ಕತ್ತರಿಸಿ ತೊಂಬತ್ತಕ್ಕೆ ಬಿಲ್ಲು ಬರೆದೆ.
ಬಾಗಿಲ ಬಳಿ ಕೇಬಲ್ಲನ್ನು ಕೆಳಗೆ ಜೋತು ಬಿಡಬೇಕು, ಅಂದೆ,
ಕರಗಿದ ಹಿಮದ ನೀರು ಒಳಗೆ ಹೋಗದೆ
ಅಲ್ಲೇ ತೊಟ್ಟಿಕ್ಕಲಿ.

ದಾರ ಮರೆತು ಹೋದಳು. ಇನ್ನೂ ಇಲ್ಲೇ ಇದೆ,
ಗಂಟುಗಳ ಸಮೇತ.